ದೇಸೂರ ಬರುವುದರೊಳಗೆ

ಸಿಸ್ಟರ್ ನಿವೃತ್ತರಾದ ದಿನ ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನಿಂದಲೇ ಹೆಂಗಸರು ಬಂದು ಕೂತಿದ್ದರು. ವಾರ್ಡಿನ ಆಳು ಅವರನ್ನು ರೋಗಿಗಳೆಂದು ತಿಳಿದು ನಂಬರಿನ ಚೀಟಿ ಹಂಚಿಬಿಟ್ಟ. ಅವರೂ ಸುಮ್ಮನೆ ಇಸಿದುಕೊಂಡರು. ಆಸ್ಪತ್ರೆಯಲ್ಲಿ ಯಾರು ಏನು ಕೊಟ್ಟರೂ ಇಸಿದುಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಡಾಕ್ಟರರು ಬಂದು ಇವತ್ತೇನು ಇಷ್ಟು ಜನ ಎಂದು ಕೇಳಿದಾಗ ಒಬ್ಬಾಕೆ ಎದ್ದು ನಿಂತು, “ನಮಗೇನೂ ಆಗಿಲ್ರಿ ಸಾಹೇಬ್ರ, ಅಕ್ಕಾರನ್ನ ಕಳಸಾಕ ಬಂದೀವಿ” ಎಂದಳು.

ನಮ್ಮಲ್ಲಿ ನಿವೃತ್ತಿ ಎಂದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಡಬ್ಬಿ ಕುಂದಾ, ಮೂರು ಭಾಷಣ. ಇವರಿಗೆ ಅದೆಲ್ಲ ಸಿಕ್ಕಿತು, ಅದರ ಮೇಲೆ ಒಬ್ಬಳು ಹೊತ್ತು ತಂದ ಕುಂಬಳಕಾಯಿ, ಇನ್ನೊಬ್ಬಳ ಗೇರುಬೀಜ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬೆಲ್ಲದ ಪೆಂಟಿ. ನಾನು ಭಾಷಣಕಾರರ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನಗಿನ್ನೂ ಒಂಬತ್ತು ವರ್ಷದ ನೌಕರಿ ಉಳಿದಿದೆ. ಅಷ್ಟರಲ್ಲಿ ನನಗಾಗಿ ಒಬ್ಬಾಕೆಯಾದರೂ ಕುಂಬಳಕಾಯಿ ಹೊತ್ತು ಮಹಡಿ ಹತ್ತುತ್ತಾಳೆಯೇ ಎಂದು ಯೋಚಿಸುತ್ತ ನಿಂತವಳಿಗೆ ಮೊದಲ ಭಾಷಣಕಾರರ ಹೆಸರು ಕರೆಯುವುದೇ ಮರೆತುಹೋಯಿತು.

ನಾವಿಬ್ಬರೂ ಇದ್ದದ್ದು ಬೆಳಗಾವಿಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ. ವಿಭಾಗ ಎಂದರೆ ಒಂದು ಕೋಣೆ, ಎರಡು ಮೇಜು, ಬೀಗವಿರುವ ಒಂದು ಕಪಾಟು. ಗರ್ಭಕೊರಳಿನ ಕ್ಯಾನ್ಸರ್ ಬಂದ ಹೆಂಗಸರಿಗೆ ಯಾವ ಚಿಕಿತ್ಸೆ ಹೆಚ್ಚು ಒಳ್ಳೆಯದು ಎಂದು ನೋಡುವ ಅಧ್ಯಯನ ನಮ್ಮದು. ಒಂದು ಗುಂಪಿಗೆ ಎಲ್ಲ ಕಡೆ ಕೊಡುವ ಚಿಕಿತ್ಸೆ, ಅಂದರೆ ಐದಾರು ವಾರ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಲಾಯಿನಿನಲ್ಲಿ ಔಷಧ. ಇನ್ನೊಂದು ಗುಂಪಿಗೆ ಅದು ಶುರುವಾಗುವ ಮೊದಲೇ ಕೆಲವು ವಾರ ಹೆಚ್ಚಿನ ಔಷಧ. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಎತ್ತಿ ಹೇಳುತ್ತದೆ. ಆಮೇಲೆ ವರ್ಷಗಟ್ಟಲೆ ಅವರನ್ನು ಕರೆಕರೆದು ನೋಡಬೇಕು. ಕಾಗದಪತ್ರ, ತಿಳಿವಳಿಕೆ, ಒಪ್ಪಿಗೆ ಪತ್ರ, ದಾಖಲೆ ನನ್ನ ಪಾಲಿಗೆ. ರಕ್ತ ತೆಗೆಯುವುದು, ತಪಾಸಣೆಗೆ ಕರೆಸುವುದು ಸಿಸ್ಟರ್ ಪಾಲಿಗೆ. ಹಾಗೆಂದು ಬರೆದದ್ದು ಗೋಡೆಯ ಮೇಲಿತ್ತು, ಅಷ್ಟೇ.

ಸಿಸ್ಟರ್ ಗಿಡ್ಡ ಆಳು. ತುರುಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡು, ಇಡೀ ದಿನ ಪೆನ್ನು ಹುಡುಕುವವರು. ಖಾನಾಪುರದ ಜೈನ ಮನೆತನ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಎರಡನ್ನೂ ಕಲಸಿದ ಮೂರನೆಯದೊಂದು. ದಿನಾ ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗುವವರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ್ದರಿಂದ ಬೆಳಗಾವಿ ಸ್ಟೇಶನ್ನಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಎರಡು ಚಪಾತಿ ತಿಂದು ಗಾಡಿ ಹತ್ತುತ್ತಿದ್ದರು. ಯಾರ ಜೊತೆ ಮಾತಾಡಬೇಕಾದರೂ ಅವರಿಗಿಂತ ಕೆಳಗೆ ಕೂರುವುದು ಅವರ ಅಭ್ಯಾಸ. ರೋಗಿ ಕುರ್ಚಿಯ ಮೇಲಿದ್ದರೆ ಇವರು ಸ್ಟೂಲಿನ ಮೇಲೆ, ರೋಗಿ ಸ್ಟೂಲಿನ ಮೇಲಿದ್ದರೆ ಇವರು ನೆಲದ ಮೇಲೆ. ಒಮ್ಮೆ ಡಾಕ್ಟರರು ಒಳಗೆ ಬಂದು, ಸಿಸ್ಟರ್ ಏನಾದರೂ ಬಿದ್ದುಹೋಗಿದೆಯೇ ಎಂದು ಕೇಳಿದ್ದರು.

ಇವರ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಶಬ್ದದಿಂದ.

ನನ್ನ ಕನ್ನಡದ ಮೇಲೆ ನನಗೆ ಭಾರಿ ಅಭಿಮಾನ. ಅದು ನಾನು ಸಾಲೆಯಲ್ಲಿ ಕಲಿತದ್ದಲ್ಲ, ಖಾನಾಪುರದಾಚೆಯ ಬೀಡಿ ಎಂಬ ಊರಿನಲ್ಲಿ ನನ್ನ ದೊಡ್ಡವ್ವನ ಬಾಜು ಕೂತು ಕಲಿತದ್ದು. ನನ್ನ ತಾಯಿ ಮಾತು ಕಡಿಮೆಯ ಹೆಂಗಸು; ಅವಳ ಅಕ್ಕ ಆ ಕೊರತೆಯನ್ನು ಎರಡು ಪಟ್ಟು ತುಂಬಿದ್ದಳು. ಅಳುವ ಕೂಸಿಗೆ ಒಂದು ಮಾತು, ಅತ್ತಂತೆ ಮಾಡುವ ಕೂಸಿಗೆ ಇನ್ನೊಂದು ಮಾತು ಅವಳಲ್ಲಿತ್ತು. ಭತ್ತ ಕೇರುತ್ತ ಅವಳು ಹೇಳಿದ ಕತೆಗಳೂ ವಚನಗಳೂ ಓಣಿಯವರ ಅಣಕವೂ ಸೇರಿ ನನ್ನ ನಾಲಿಗೆ ತಯಾರಾದದ್ದು. ಆದ್ದರಿಂದ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಬಂದಾಗ ಹದಿನೈದು ದಿನ ಕೂತು ಒಂದೊಂದು ವಾಕ್ಯವನ್ನೂ ತಿದ್ದಿ ತೀಡಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಚಿಕಿತ್ಸಾ ಪ್ರಯೋಗ’.

ಮೊದಲ ದಿನ ಬಂದವಳು ಖಾನಾಪುರದಾಚೆಯ ಹಳ್ಳಿಯ ಒಬ್ಬ ಹೆಂಗಸು, ಜೊತೆಗೆ ಅತ್ತೆ. ನಾನು ಓದಿ ಹೇಳತೊಡಗಿದೆ. ‘ನಿಮ್ಮ ಮೇಲೆ ನಡೆಯುವ ಈ ಪ್ರಯೋಗದಲ್ಲಿ’ ಎನ್ನುವಷ್ಟರಲ್ಲಿ ಅತ್ತೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಮಾಟಕ್ಕೆ ನಮ್ಮ ಕಡೆ ಪ್ರಯೋಗ ಎನ್ನುತ್ತಾರೆ. ಊರಲ್ಲಿ ಯಾರೋ ಪ್ರಯೋಗ ಮಾಡಿಸಿದ್ದರಿಂದಲೇ ಸೊಸೆಗೆ ಈ ರೋಗ ಬಂದಿದೆ ಎಂದು ಆ ಮುದುಕಿ ಮೊದಲೇ ನಂಬಿಕೊಂಡಿದ್ದಳು. ಇಲ್ಲಿ ನೋಡಿದರೆ ಆಸ್ಪತ್ರೆಯವರೇ ಇನ್ನೊಂದು ಮಾಡುತ್ತೇವೆ, ಸಹಿ ಹಾಕಿ ಎನ್ನುತ್ತಿದ್ದೇವೆ. ಇಷ್ಟು ಗೊತ್ತಿರುವ ಶಬ್ದವನ್ನು ನಾನೇ ಹೇಗೆ ಬರೆದೆ? ದೊಡ್ಡವ್ವನ ಬಾಯಲ್ಲಿ ಅದೇ ಅರ್ಥದಲ್ಲಿ ನೂರು ಸಲ ಕೇಳಿದ್ದೆ. ಕಾಗದದ ಮುಂದೆ ಕೂತಾಗ ಮಾತ್ರ ನೆನಪಾಗಲಿಲ್ಲ.

ಸಿಸ್ಟರ್ ಅವರ ಹಿಂದೆ ಮೆಟ್ಟಿಲು ಇಳಿದು ಹೋದರು. ಅರ್ಧ ತಾಸಿಗೆ ಇಬ್ಬರನ್ನೂ ಕರೆತಂದು, ತಾವು ನೆಲಕ್ಕೆ ಕೂತು, ಸೊಂಟದ ಸಣ್ಣ ಡಬ್ಬಿಯಿಂದ ಒಂದು ಯಾಲಕ್ಕಿ, ಒಂದು ಲವಂಗ ತೆಗೆದರು. ಕೈ ಬೆನ್ನ ಹಿಂದೆ ಒಯ್ದು ಅದಲುಬದಲು ಮಾಡಿ ಎರಡು ಮುಷ್ಟಿ ಮುಂದೆ ಚಾಚಿದರು.

“ಎರಡರಾಗೂ ಔಷಧ ಐತಿ. ಖಾಲಿ ಮುಷ್ಟಿ ಇಲ್ಲ. ಯಾವ ಮುಷ್ಟ್ಯಾಗಿಂದು ಚೊಲೋ ಅಂತ ನಮಗ ಇನ್ನೂ ಗೊತ್ತಿಲ್ಲ. ಅದನ್ನ ತಾಳೆ ನೋಡಾಕ ನಿಮ್ಮನ್ನ ಕೇಳಾಕತ್ತೀವಿ. ಬ್ಯಾಡಂದ್ರ ಬ್ಯಾಡನ್ರಿ, ನಿಮ್ಮ ಮಾಮೂಲಿ ಔಷಧ ನಿಂದ್ರೂದಿಲ್ಲ.”

ಸೊಸೆ ಒಂದು ಮುಷ್ಟಿ ಮುಟ್ಟಿದಳು, ನಕ್ಕಳು. ಆಮೇಲೆ ನಾನು ಒಂದು ತಾಸಿನಲ್ಲಿ ಹೇಳಬೇಕಾದ ಅಪಾಯ, ಅಡ್ಡಪರಿಣಾಮ ಎಲ್ಲವನ್ನೂ ಅವಳೇ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಮುಂದಿನ ತಿಂಗಳು, ಇಂಥ ಅಧ್ಯಯನಗಳ ಮೇಲೆ ಕಣ್ಣಿಡುವ ನೀತಿ ಸಮಿತಿಯ ಒಪ್ಪಿಗೆ ಪಡೆದು ನನ್ನ ತಲೆಬರಹ ಹೋಯಿತು. ‘ಎರಡು ಚಿಕಿತ್ಸೆಗಳನ್ನು ತಾಳೆ ನೋಡುವ ಅಧ್ಯಯನ’ ಎಂದಾಯಿತು. ಕೆಳಗೆ ಅನುವಾದ ಎಂಬಲ್ಲಿ ನನ್ನ ಹೆಸರೇ ಉಳಿಯಿತು. ಒಪ್ಪಿಗೆ ಎಂಬುದನ್ನು ‘ಒಪ್ಪಗಿ’ ಎಂದು ಬರೆಯುವ ಹೆಂಗಸಿನ ಶಬ್ದದ ಕೆಳಗೆ ನನ್ನ ಹೆಸರು.

ಆ ಮೇಲೆ ನಾನು ಅವರ ತಪ್ಪು ಹುಡುಕಲು ಶುರು ಮಾಡಿದೆ. ಸಿಗುತ್ತಲೂ ಇದ್ದವು. ಕಾಗುಣಿತದ್ದು, ಮೇಜಿನ ಮೇಲೆ ಚಹದ ಕಲೆಯದು. ಆದರೆ ರೋಗಿಗಳ ವಿಷಯದಲ್ಲಿ ಒಂದೂ ಸಿಗಲಿಲ್ಲ. ತಪಾಸಣೆಗೆ ಬಾರದೆ ನಿಂತವರ ಹೆಸರಿನ ಮುಂದೆ ನಾನು ನಿಯಮದ ಪ್ರಕಾರ ‘ಲಾಸ್ಟ್’ ಎಂದು ಬರೆಯುತ್ತಿದ್ದೆ. ಅದರ ಅರ್ಥ ಏನು ಎಂದು ಒಮ್ಮೆ ಕೇಳಿದರು. ಕಳೆದುಹೋದವರು ಎಂದೆ.

“ಕಳಿಯಾಕ ಆಕಿ ಏನ್ ಪಿನ್ನ ಏನ್ರಿ ಮ್ಯಾಡಂ?” ಎಂದು ಕಾರ್ಡು ಕಿತ್ತುಕೊಂಡು ಹೋದರು. ವಾರದೊಳಗೆ ಆ ಹೆಂಗಸು ವರಾಂಡದಲ್ಲಿ ಕೂತಿದ್ದಳು. ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳಂತೆ. ಸಿಸ್ಟರ್‌ಗೆ ಅದು ಹೇಗೆ ಗೊತ್ತಾಯಿತೆಂದರೆ, ಅವಳ ಓಣಿಯವಳೊಬ್ಬಳು ರೈಲಿನಲ್ಲಿ ಸಿಕ್ಕಿದ್ದಳು. ರೈಲಿನ ಹೆಂಗಸರ ಡಬ್ಬಿ ಅವರಿಗೆ ಇನ್ನೊಂದು ವಾರ್ಡು.

ಅದೇ ಡಬ್ಬಿಯಲ್ಲಿ ಅವರಿಗೆ ನನ್ನ ದೊಡ್ಡವ್ವ ಸಿಕ್ಕಳು.

ದೊಡ್ಡವ್ವ ಆ ವರ್ಷ ಮಹಾಂತೇಶ ನಗರದ ನಮ್ಮ ಮನೆಗೆ ಎರಡು ಸಲ ಬಂದು ನಾಲ್ಕು ನಾಲ್ಕು ದಿನ ಇದ್ದು ಹೋಗಿದ್ದಳು. ಎಷ್ಟು ಹೇಳಿದರೂ ಸೋಫಾದ ಮೇಲೆ ಕೂರಲಿಲ್ಲ. ಮೂಲೆಯಲ್ಲಿ ತನ್ನದೇ ಒಂದು ಗೋಣಿತಟ್ಟು ಹಾಸಿಕೊಂಡು ಕೂತಳು. ತನ್ನ ಸೀರೆ ತಾನೇ ಒಗೆದಳು, ಯಂತ್ರಕ್ಕೆ ಹಾಕಗೊಡಲಿಲ್ಲ. ನಾನು ಅದನ್ನು ಹಿರಿಯರ ನಡತೆ ಎಂದುಕೊಂಡು ನಮ್ಮ ಮನೆಯ ಮಕ್ಕಳಿಗೆ ತೋರಿಸಿದೆ: ನೋಡ್ರಿ, ಸಾದಾ ಬದುಕು ಅಂದರೆ ಇದು. ದಿನಕ್ಕೆ ಹತ್ತು ಹೆಂಗಸರಿಗೆ ‘ಋತುಬಂಧಾನಂತರದ ರಕ್ತಸ್ರಾವ ಇದೆಯೇ’ ಎಂದು ಕೇಳಿ ಗುರುತು ಹಾಕುವವಳು ನಾನು.

ಮೂರನೆಯ ಸಲ ಅವಳು ಬೀಡಿಯಿಂದ ಬಸ್ಸಿನಲ್ಲಿ ಖಾನಾಪುರಕ್ಕೆ ಬಂದು ಬೆಳಗಿನ ರೈಲು ಹತ್ತಿದಳು. ಡಬ್ಬಿಯಲ್ಲಿ ಜಾಗವಿತ್ತು. ಅವಳು ಬಾಗಿಲ ಬಾಜು ಕಂಬ ಹಿಡಿದು ನಿಂತೇ ಇದ್ದಳು. ಸಿಸ್ಟರ್ ಎದ್ದು, ಊಟದ ಡಬ್ಬಿಗೆ ಸುತ್ತಿದ್ದ ಟವೆಲ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದರು. “ಕುಂದರ್ರಿ ಆಯಿ. ಇದು ಒಗಿಯೂ ಅರಿವಿನ ಐತಿ” ಎಂದರಂತೆ. ಅಷ್ಟೇ. ದೊಡ್ಡವ್ವ ಅವರ ಮುಖ ನೋಡಿದಳು, ಕೂತಳು. ಸಿಸ್ಟರ್ ಅವಳ ಕಾಲ ಬಳಿ ತಮ್ಮ ಚೀಲದ ಮೇಲೆ ಕೂತು ಕೇಳಿದರು: ಬಿಳಿ ಹೋಗತೈತೇನು, ಕೆಂಪ ಹೋಗತೈತೇನು, ವಾಸನಿ ಬರತೈತೇನು, ಎಷ್ಟು ದಿನಾ ಆತು. ಬೆಳಗಾವಿಗೆ ಮೊದಲಿನ ಸ್ಟೇಶನ್ನು ದೇಸೂರ ಬರುವುದರೊಳಗೆ ದೊಡ್ಡವ್ವ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಹತ್ತು ತಿಂಗಳು ನನ್ನಿಂದ ಮುಚ್ಚಿಟ್ಟದ್ದನ್ನು.

ಆವತ್ತು ಹತ್ತು ಗಂಟೆಗೆ ನಾನು ಕೋಣೆಯಿಂದ ಹೊರಗೆ ಬಂದರೆ ವರಾಂಡದಲ್ಲಿ ಅವರಿಬ್ಬರೂ ಕೂತಿದ್ದಾರೆ, ದೊಡ್ಡವ್ವನ ಕೈ ಸಿಸ್ಟರ್ ತೊಡೆಯ ಮೇಲೆ. ಏನಾಗಿದೆ ಎಂದು ತಿಳಿಯುವ ಮೊದಲೇ ಆ ಕೈ ನನ್ನ ಕಣ್ಣಿಗೆ ಚುಚ್ಚಿತು. ಡಾಕ್ಟರರು ನೋಡಿ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಸಂಜೆ ಮನೆಯಲ್ಲಿ ದೊಡ್ಡವ್ವನನ್ನು ಕೇಳಿದೆ: ದಿನಾ ಇದೇ ಕೆಲಸ ಮಾಡುವ ನನಗೆ ಹೇಳಲಿಲ್ಲ, ರೈಲಿನಲ್ಲಿ ಸಿಕ್ಕವರಿಗೆ ಹೇಳಿದೆಯಲ್ಲ?

ಅವಳು ಗೋಣಿತಟ್ಟಿನ ಅಂಚು ಸರಿ ಮಾಡಿಕೊಂಡಳು. ಆಮೇಲೆ ಹೇಳಿದಳು: “ನಿನಗ ಮಾತ ಕಲಿಸಿದಾಕಿ ನಾನು. ಈ ಮಾತು ಕಲಿಸಿಲ್ಲಲ್ಲವಾ. ಯಾವ ಬಾಯಿಲೆ ಹೇಳ್ಲಿ?”

ಖರೇ ಮಾತು. ನಾನು ದೊಡ್ಡವಳಾದಾಗ ಬೀಡಿಯ ಹಿತ್ತಲಲ್ಲಿ ಅವಳು ನನಗೆ ಹೇಳಿದ್ದು, ಕಾಗಿ ಮುಟ್ಟೈತಿ, ಕಡೀಗೆ ಕೂಡು ಎಂದು. ಜಗತ್ತಿನ ಎಲ್ಲದಕ್ಕೂ ಮಾತಿದ್ದ ಹೆಂಗಸು ಅದೊಂದಕ್ಕೆ ಕಾಗೆಯನ್ನು ಮುಂದೆ ಮಾಡಿದ್ದಳು. ಆ ಕಾಗೆ ನಮ್ಮಿಬ್ಬರ ನಡುವೆ ಅಲ್ಲೇ ಕೂತಿತ್ತು.

ರೋಗ ಅದೇ ಎಂದು ಬಂತು. ದೇಹದ ಬೇರೆ ಕಡೆ ಹರಡಿರಲಿಲ್ಲ. ನಮ್ಮ ಅಧ್ಯಯನಕ್ಕೆ ಸೇರಬಹುದಾದ ಹಂತ. ಸ್ವಂತ ಸಂಬಂಧಿಯ ಒಪ್ಪಿಗೆ ನಾನು ಕೇಳುವಂತಿಲ್ಲ ಎಂಬುದು ನಿಯಮ, ಆದ್ದರಿಂದ ಸಿಸ್ಟರ್ ಕೇಳಿದರು. ನಾನು ಕಪಾಟಿನ ಹಿಂದೆ ಫೈಲು ಜೋಡಿಸುತ್ತ ನಿಂತೆ. ಮುಷ್ಟಿ ಚಾಚಿದ್ದು ಕಾಣಲಿಲ್ಲ, ಬಳೆಯ ಸಪ್ಪಳ ಕೇಳಿಸಿತು.

“ನಿಮ್ಮ ಕೈಯಾಗ ಏನೈತಿ ನಿಮಗ ಗೊತ್ತಿರತೈತಲ್ರಿ, ಕೈ ನಿಮ್ವ ಅಲ್ಲೇನು?” ಎಂದು ದೊಡ್ಡವ್ವ ಕೇಳಿದಳು. ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ಹೆಮ್ಮೆಯಾಯಿತು.

“ಅದಕ್ಕ ಖರೇ ಚೀಟಿ ನನ್ನ ಕೈಯಾಗ ಕೊಟ್ಟಿಲ್ರಿ ಆಯಿ. ಕಂಪ್ಯೂಟರಿನ ಕೈಯಾಗ ಐತಿ. ಅದಕ್ಕ ನಿಮ್ಮ ಗುರ್ತೂ ಇಲ್ಲ, ನನ್ನ ಗುರ್ತೂ ಇಲ್ಲ.”

ದೊಡ್ಡವ್ವ ನಕ್ಕು ಸಹಿ ಹಾಕಿದಳು. ಆ ನಗು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ನಾನು ಜಾಣ ಮಾತಾಡಿದರೆ ಅವಳು ನಗುತ್ತಿದ್ದ ನಗು ಅದು.

ಅವಳಿಗೆ ಬಂದದ್ದು ಮಾಮೂಲಿ ಚಿಕಿತ್ಸೆಯ ಗುಂಪು. ಯಾವ ಗುಂಪು ಮೇಲು ಎಂದು ಯಾರಿಗೂ ಗೊತ್ತಿಲ್ಲ ಎಂಬುದನ್ನು ನಾನೇ ಎಷ್ಟು ಜನಕ್ಕೆ ಓದಿ ಹೇಳಿದ್ದೇನೋ. ಆದರೆ ಸ್ವಂತ ದೊಡ್ಡವ್ವನ ವಿಷಯ ಬಂದಾಗ ಹೆಚ್ಚಿನ ಔಷಧ ಎಂದರೆ ಹೆಚ್ಚಿನದೇ ಎಂದು ಅನಿಸಿತು. ವಿಕಿರಣ ಶುರುವಾಯಿತು. ಜನ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ವಾರದ ಐದು ದಿನ ದೊಡ್ಡವ್ವ ನಮ್ಮ ಮನೆಯಲ್ಲಿ, ಶನಿವಾರ ಬೀಡಿಗೆ. ಸೋಮವಾರ ಖಾನಾಪುರದಿಂದ ಸಿಸ್ಟರ್ ಜೊತೆ ರೈಲಿನಲ್ಲಿ ವಾಪಸು. ಮನೆಯಲ್ಲಿ ಊಟಕ್ಕೆ ಕೂತರೂ ಅವರದೇ ಸುದ್ದಿ. ಸಿಸ್ಟರ್ ಹಿಂಗಂದರು, ಸಿಸ್ಟರ್ ನೀರು ಬಹಳ ಕುಡಿ ಅಂದರು. ನೀರು ಕುಡಿ ಎಂದು ನಾನೂ ಹೇಳಿದ್ದೆ, ಮೂರು ದಿನ ಮೊದಲೇ.

ಎರಡನೆಯ ವಾರದ ಶುಕ್ರವಾರ ನನ್ನ ಬಾಯಿಂದ ಬಂದುಬಿಟ್ಟಿತು. “ಆಕಿ ಮುಷ್ಟಿ ನೋಡಿ ಮರುಳಾದಿ ನೀನು. ಹೊಸಾ ಔಷಧ ಬ್ಯಾರೇದವರಿಗೆ ಹೋತು, ನಿನಗ ಉಳಿದದ್ದು ಹಳೇದು.”

ದೊಡ್ಡವ್ವ ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಶನಿವಾರ ಬೀಡಿಗೆ ಹೋದಳು. ಸೋಮವಾರ ಬರಲಿಲ್ಲ.

ವಿಕಿರಣ ನಡುವೆ ನಿಲ್ಲಬಾರದು. ಒಂದೊಂದು ದಿನ ತಪ್ಪಿದರೂ ರೋಗಕ್ಕೆ ಉಸಿರು ಸಿಕ್ಕ ಹಾಗೆ; ಅದನ್ನು ನಾನು ಪುಸ್ತಕದಲ್ಲಿ ಓದಿದವಳಲ್ಲ, ಕಣ್ಣಾರೆ ಕಂಡವಳು. ಸಿಸ್ಟರ್ ಒಳಗೆ ಬಂದವರೇ, ದೊಡ್ಡವ್ವ ಗಾಡಿಗೆ ಬರಲಿಲ್ಲ, ಫೋನು ಬಂದಿದೆಯೇ ಎಂದು ಕೇಳಿದರು. ಬಸ್ಸು ತಪ್ಪಿರಬೇಕು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ತುರುಬಿನಲ್ಲಿ ಪೆನ್ನು ಹುಡುಕಿದರು, ಸಿಕ್ಕಿತು, ತೆಗೆಯಲಿಲ್ಲ. ಸ್ಟೂಲು ಎಳೆದು ನನಗಿಂತ ಕೆಳಗೆ ಕೂತರು. ರೋಗಿಗಳ ಮುಂದೆ ಕೂರುವ ಹಾಗೆ ನನ್ನ ಮುಂದೆ ಅವರು ಕೂತದ್ದು ಅದೇ ಮೊದಲು. ನಾನು ಅಂದ ಮಾತನ್ನು ಅಂದ ಹಾಗೇ ಒಪ್ಪಿಸಿದೆ.

ಸಿಸ್ಟರ್ ಬೈಯಲಿಲ್ಲ. “ಬ್ಯಾಡ ಅನ್ನೂದು ಅವರ ಹಕ್ಕು. ಆದ್ರ ಬ್ಯಾಡ ಅನ್ನಾಕ ಕಾರಣ ಖರೇದ ಇರಬೇಕಲ್ರಿ. ನಾಳೆ ನಸುಕಿಗೆ ಬೀಡಿಗೆ ಹೋಗೂಣು, ನೀವೂ ಬರ್ರಿ.”

ಮರುದಿನ ಮೊದಲ ಬಸ್ಸಿಗೆ ನಾನು ಖಾನಾಪುರ ಮುಟ್ಟಿದೆ, ಅಲ್ಲಿಂದ ಇಬ್ಬರೂ ಬೀಡಿಗೆ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿ ಮೊರ ನಿಲ್ಲಿಸಲಿಲ್ಲ. ಸಿಸ್ಟರ್ ಕಟ್ಟೆಯ ಕೆಳಗಿನ ಕಲ್ಲಿನ ಮೇಲೆ ಕೂತು ಯಾಲಕ್ಕಿ, ಲವಂಗ ಎರಡನ್ನೂ ತೆರೆದ ಅಂಗೈಯಲ್ಲಿಟ್ಟು ಮುಂದೆ ಹಿಡಿದರು.

“ಇದರಾಗ ಯಾವ್ದ ಚೊಲೋ, ಹೇಳ್ರಿ ಆಯಿ.”

“ಪಾಯಸಕ್ಕ ಯಾಲಕ್ಕಿ, ಹಲ್ಲ ನೋವಿಗೆ ಲವಂಗ,” ಎಂದಳು ದೊಡ್ಡವ್ವ. “ಹಿಂಗ ಕೇಳಿದ್ರ ಹೆಂಗ ಹೇಳ್ಲಿ?”

“ನಮಗೂ ಹಂಗ ಆಗೈತಿ. ಗೊತ್ತಿದ್ದರ ಮುಷ್ಟಿ ಯಾಕ ಮುಚ್ಚತಿದ್ವಿ? ಚೊಲೋದನ್ನ ಅಂಗೈ ಮ್ಯಾಗ ಇಟ್ಟು ಎಲ್ಲಾರಿಗೂ ಅದನ್ನ ಕೊಡತಿದ್ವಿ.”

ಮೊರ ನಿಂತಿತು. ದೊಡ್ಡವ್ವ ಈಗ ನನ್ನ ಕಡೆ ನೋಡಿದಳು. “ಹಂಗಾರ ಈಕಿ ಯಾಕ ಹಂಗಂದ್ಲು?”

ಸಿಸ್ಟರ್ ನನಗಾಗಿ ಒಂದು ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಯಾಲಕ್ಕಿ, ಲವಂಗವನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತ ಕೂತರು. ನಾನು ಕಲಿತ ಮಾತೆಲ್ಲ ಎಲ್ಲಿ ಹೋಯಿತೋ.

“ಬಾಯಿ ಬಿದ್ದೈತೇನ ನಿಂದು?” ಎಂದಳು ದೊಡ್ಡವ್ವ.

“ಹೊಟ್ಟಿಕಿಚ್ಚಿಗೆ ಅಂದೆ,” ಎಂದೆ. “ನೀ ಅವರಿಗೆ ಹೇಳಿದಿ, ನನಗ ಹೇಳಲಿಲ್ಲ ಅಂತ. ಹಳೇದು ಹೊಸಾದು ಅಂದದ್ದು ಸುಳ್ಳು. ಯಾವ್ದ ಚೊಲೋ ಅಂತ ಯಾರಿಗೂ ಗೊತ್ತಿಲ್ಲ.”

ದೊಡ್ಡವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಕಿಚ್ಚು ನಿನ್ನ ಹೊಟ್ಟ್ಯಾಗ,” ಎಂದಳು, “ಕರೆಂಟ್ ಹಚ್ಚಿಸ್ಕೊಳ್ಳಾಕಿ ನಾನು.” ಸಿಸ್ಟರ್ ಕಲ್ಲಿನ ಮೇಲಿಂದ ಬೀಳುವಷ್ಟು ನಕ್ಕರು. ದೊಡ್ಡವ್ವ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗಿ ಚೀಲ ತಂದಳು. ಆ ಚೀಲ ತುಂಬಿಯೇ ಇತ್ತು. ಸೋಮವಾರ ಬೆಳಿಗ್ಗೆ ತುಂಬಿ, ಬಾಗಿಲ ತನಕ ತಂದು, ಮತ್ತೆ ಒಳಗಿಟ್ಟಿದ್ದಳು.

ಅಂದು ಮಧ್ಯಾಹ್ನವೇ ಅವಳಿಗೆ ವಿಕಿರಣ ಕೊಟ್ಟರು. ತಪ್ಪಿದ್ದು ಒಂದೇ ದಿನ. ದಾಖಲೆಯಲ್ಲಿ ಆ ದಿನದ ಮುಂದೆ ಕಾರಣ ಬರೆಯಬೇಕು. ಸಿಸ್ಟರ್ ಪುಸ್ತಕವನ್ನು ನನ್ನ ಕಡೆ ತಳ್ಳಿದರು. “ನೀವ ಬರೀರಿ. ನಿಮ್ಮ ಅಕ್ಷರ ಚೊಲೋ ಅದಾವು.” ಬಸ್ಸು ಎಂದು ಬರೆಯಲು ಒಂದು ಕ್ಷಣ ಸಾಕಿತ್ತು. ನಾನು ಬರೆದೆ: ‘ಸಿಬ್ಬಂದಿಯಿಂದ ತಪ್ಪು ಮಾಹಿತಿ.’ ಡಾಕ್ಟರರು ಅದನ್ನು ಓದಿ ಯಾವ ಸಿಬ್ಬಂದಿ ಎಂದು ಕೇಳಿದಾಗ ಹೇಳಿದೆ. ನೀತಿ ಸಮಿತಿಗೂ ತಿಳಿಸಲಾಯಿತು. ಆರು ತಿಂಗಳು ಒಪ್ಪಿಗೆ ಕೇಳುವ ಕೆಲಸದಿಂದ ನನ್ನನ್ನು ತೆಗೆದು ಆ ಕೆಲಸವನ್ನೂ ಸಿಸ್ಟರ್‌ಗೇ ಕೊಟ್ಟರು. ನನ್ನ ಶಿಕ್ಷೆಯಿಂದಲೂ ಅವರ ಪಾಲೇ ಹೆಚ್ಚಾಯಿತು ಎಂದು ಕಪಾಟಿನ ಹಿಂದೆ ಫೈಲು ಜೋಡಿಸುತ್ತ ಉರಿದುಕೊಂಡದ್ದು ನಿಜ.

ಹಾಗೆಂದು ಅವರು ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನನಗೆ ಅನುಕೂಲವಿತ್ತು. ಒಂದು ತಪ್ಪಾದರೂ ಸಿಗುತ್ತಿತ್ತು.

ದೊಡ್ಡವ್ವ ಉಳಿದುಕೊಂಡಳು. ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬಂದಳು. ಬೀಳ್ಕೊಡುಗೆಯ ದಿನ ವರಾಂಡದಲ್ಲಿದ್ದ ಆ ಬೆಲ್ಲದ ಪೆಂಟಿ ಅವಳದೇ. ನನ್ನ ಮುಂದೆಯೇ ಹೊತ್ತುಕೊಂಡು ಹೋದಳು, ನಮ್ಮ ಮನೆಗೆ ಒಂದು ಚೂರನ್ನೂ ಮುರಿದು ಕೊಡದೆ. ಅವಳ ಗುಂಪು ಗೆದ್ದಿತೋ ಇನ್ನೊಂದು ಗೆದ್ದಿತೋ ಹೇಳಲಾರೆ. ಎರಡು ಮುಷ್ಟಿಗಳ ನ್ಯಾಯ ಇನ್ನೂ ತೀರಿಲ್ಲ, ಹೆಂಗಸರು ಇನ್ನೂ ಬರುತ್ತಿದ್ದಾರೆ, ಇಬ್ಬರನ್ನೋ ಮೂವರನ್ನೋ ಬಿಟ್ಟು ನಮ್ಮಲ್ಲಿ ಯಾರೂ ಕಳೆದಿಲ್ಲ. ಅಷ್ಟು ಮಂದಿ ಹೆಂಗಸರು ಮುಷ್ಟಿಯನ್ನು ನಂಬಿ ಇಷ್ಟು ವರ್ಷ ಕಾಯುತ್ತಿದ್ದಾರೆ.

ಕಳೆದ ತಿಂಗಳು ದೊಡ್ಡವ್ವನ ಐದನೆಯ ವರ್ಷದ ತಪಾಸಣೆ ಆಯಿತು. ವರದಿ ಸ್ವಚ್ಛವಾಗಿತ್ತು. ಈ ಸಲವಾದರೂ ಮೊದಲು ನಾನೇ ಹೇಳಬೇಕೆಂದು ವರಾಂಡಕ್ಕೆ ಓಡಿದೆ. ಅವಳು ಕೇಳಿ, ನನ್ನ ಗಲ್ಲ ಸವರಿ, “ಹೌದಾ? ನಡಿ ಹಂಗಾರ, ಆಕೀಗೆ ಹೇಳಿ ಬರೂಣು” ಎಂದಳು.

ಖಾನಾಪುರದಲ್ಲಿ ಸಿಸ್ಟರ್ ಮನೆಯ ಮುಂದಿನ ಪಡಸಾಲೆಯಲ್ಲಿ ಕೂತಿದ್ದರು, ತುರುಬಿನಲ್ಲಿ ಈಗಲೂ ಪೆನ್ನು. ದೊಡ್ಡವ್ವ ಅವರ ಬಾಜು ಕೂತು ನಾನು ಹೇಳಿದ್ದನ್ನೇ ಇನ್ನೊಮ್ಮೆ, ನನಗಿಂತ ಚೆಂದಾಗಿ ಹೇಳಿದಳು. ಸಿಸ್ಟರ್ ನನ್ನನ್ನು ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದರು. ಆಕಿ ಬಂದಿದ್ಲೇನು? ಈಕಿ ಮಗಳ ಮದಿವಿ ಆತೇನು? ನಾನು ಒಂದು ಹೆಸರಿಗೆ ತಡವರಿಸಿದೆ. ಅವರು ಅಲ್ಲಿಯೇ ಫೋನು ಹಚ್ಚಿದರು. ಹೊರಡುವಾಗ ಒಳಗಿನಿಂದ ಒಂದು ಶಾಲು ತಂದು ನನ್ನ ಕೈಗಿಟ್ಟರು. ಬೀಳ್ಕೊಡುಗೆಯ ಶಾಲು. ಮಡಿಕೆ ಕೂಡ ಬಿಚ್ಚಿರಲಿಲ್ಲ.

“ಮನ್ಯಾಗ ಕುಂತಾಕಿಗೆ ಇದು ಯಾಕ್ರಿ. ನೀವ ಒಯ್ರಿ, ಗಾಡ್ಯಾಗ ಯಾರಿಗರೆ ಹಾಸಾಕ ಬರತೈತಿ.”

ದೊಡ್ಡವ್ವನನ್ನು ಬೀಡಿಯ ಬಸ್ಸಿಗೆ ಹತ್ತಿಸಿ ನಾನೊಬ್ಬಳೇ ಸಂಜೆಯ ರೈಲಿಗೆ ಬಂದೆ. ಹೆಂಗಸರ ಡಬ್ಬಿಯಲ್ಲಿ ಅರ್ಧ ಸೀಟು ಖಾಲಿ. ಆದರೂ ಒಬ್ಬ ವಯಸ್ಸಾದ ಹೆಂಗಸು ಬಾಗಿಲ ಬಾಜು ಕಂಬ ಹಿಡಿದು ನಿಂತಿದ್ದಳು. ಎದ್ದೆ. ಶಾಲನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿದೆ. “ಕುಂದರ್ರಿ ಆಯಿ” ಎಂದೆ. ಅವಳು ಶಾಲು ನೋಡಿದಳು, ನನ್ನನ್ನು ನೋಡಿದಳು, ತಲೆಯಾಡಿಸಿದಳು. ನಾನು ದಾರಿಯುದ್ದಕ್ಕೂ ಬಾಯಲ್ಲಿ ಆ ಪ್ರಶ್ನೆಗಳನ್ನು ಜೋಡಿಸುತ್ತ ಹೋದೆ, ಬಿಳಿ ಹೋಗತೈತೇನು, ಕೆಂಪ ಹೋಗತೈತೇನು. ಹೇಗೆ ಶುರು ಮಾಡುವುದೋ ತಿಳಿಯದೆ ಇನ್ನೊಮ್ಮೆ ಕುಂದರ್ರಿ ಎಂದೆ.

“ದೇಸೂರಿಗೆ ಇಳಿಯಾಕೀನ್ರೆವಾ,” ಎಂದಳು ಅವಳು. “ಈಗ ಕುಂತು ಈಗ ಏಳೂದು ಮೊಣಕಾಲಿಗೆ ಆಗವಲ್ದು.”

ದೇಸೂರ ಬಂತು, ಇಳಿದು ಹೋದಳು. ಸಿಸ್ಟರ್ ಆಗಿದ್ದರೆ ಅವಳು ನಿಂತ ರೀತಿ ನೋಡಿಯೇ ಅದು ಇಳಿಯುವವರ ನಿಲುವು ಎಂದು ಗುರುತು ಹಿಡಿಯುತ್ತಿದ್ದರು. ಆ ಕಣ್ಣು ಶಾಲಿನ ಜೊತೆ ಕೊಡಲಿಕ್ಕೆ ಬರುವುದಿಲ್ಲವಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು. ಆದರೂ ಬೆಳಗಾವಿ ಬರುವ ತನಕ ಆ ಶಾಲನ್ನು ಸೀಟಿನ ಮೇಲಿಂದ ಎತ್ತಲಿಲ್ಲ.